ಕಾವಾ ಮನೆಯ ಬಾಗಿಲಿಂದ ತಿರುಗಿ ಹೋದವನು

ಲೊಫಂಗಾ
೯ ಫೆಬ್ರವರಿ ೧೯೭೬

ಫೊಲೋಲಾ,

ನನ್ನ ಕೈಗೆ ಪೆನ್ನು ಹಿಡಿಸಿದ್ದಕ್ಕೆ ನಿಮ್ಮಪ್ಪನಿಗೆ ಒಳ್ಳೆಯದಾಗುವುದಿಲ್ಲ. ನಾನು ಶಾಲೆ ಬಿಟ್ಟು ನಲವತ್ತಾರು ವರ್ಷವಾಯಿತು. ಮೂರನೇ ತರಗತಿಯಲ್ಲಿ ಮೇಷ್ಟ್ರು ಬೆತ್ತ ಎತ್ತಿದರು. ನಾನು ಅದನ್ನು ಕಿತ್ತುಕೊಂಡು ಮುರಿದು ಮನೆಗೆ ಬಂದೆ, ಮತ್ತೆ ಹೋಗಲಿಲ್ಲ. ಆಮೇಲೆ ಈ ಕೈ ಚಾಪೆ ಹೆಣೆದಿದೆ, ಹಂದಿ ಕಡಿದಿದೆ, ಗಂಡನನ್ನು ಮಣ್ಣು ಮಾಡಿದೆ. ಬರೆಯುವ ಕೆಲಸವೊಂದು ಬಾಕಿಯಿತ್ತು, ಅದನ್ನೂ ನಿಮ್ಮಪ್ಪ ತಲೆಗೆ ಕಟ್ಟಿದ. ಒಂದು ಸಾಲು ಮುಗಿಸುವಷ್ಟರಲ್ಲಿ ನೆರೆಮನೆಯ ಫಾನೆ ಬಂದು ಇಣುಕಿ ನೋಡಿ ಹೋದಳು. ಇನ್ನು ಸಂಜೆಯೊಳಗೆ ಇಡೀ ದ್ವೀಪಕ್ಕೆ ಗೊತ್ತಾಗುತ್ತದೆ, ತೋವಾಕಸೆ ಕಾಗದ ಬರೆಯುತ್ತಿದ್ದಾಳೆ ಅಂತ.

ನಿಮ್ಮಪ್ಪನ ಕಾಗದ ಹೋದ ವಾರದ ದೋಣಿಯಲ್ಲಿ ಬಂತು. ಆರು ಸಾಲು. ಮೊದಲ ಐದು ಸಾಲು ಅವನ ಮಂಡಿನೋವು. ಆರನೆಯದು: 'ಅಕ್ಕ, ಹುಡುಗಿಗೆ ನೀನೊಂದು ಕಾಗದ ಬರಿ.' ಏನಂತ ಬರೆಯಲಿ, ಯಾವ ವಿಷಯ, ಒಂದಕ್ಷರವಿಲ್ಲ. ಅಷ್ಟಕ್ಕೇ ನನಗೆ ವಿಷಯ ತಿಳಿಯಿತು. ಒಡಹುಟ್ಟಿದ ಗಂಡು ಹೆಣ್ಣು ಒಬ್ಬರ ಮುಂದೊಬ್ಬರು ಎತ್ತಬಾರದ ಮಾತು ಇರುವುದು ಒಂದೇ ತಾನೆ, ಯಾರ ಮನಸ್ಸು ಯಾರ ಮೇಲೆ ಹೋಗಿದೆ ಅನ್ನುವುದು. ಹಂದಿಯ ವಿಷಯವಾಗಿದ್ದರೆ ಹಂದಿ ಅಂತಲೇ ಬರೆಯುತ್ತಿದ್ದ.

ಉಳಿದದ್ದನ್ನು ಲಿಸಿಯಾತೆಯ ಬಾಯಿಂದ ಹೊರಡಿಸಿದೆ. ನಮ್ಮ ಚರ್ಚಿನಲ್ಲಿ ಹಾಡು ಹೇಳಿಕೊಡುವವನು, ನಿನಗೆ ಗೊತ್ತು. ತಿಂಗಳಿಗೊಮ್ಮೆ ನೀವಿರುವ ರಾಜಧಾನಿಗೆ ಹೋಗಿ ಅಲ್ಲಿಯ ಸುದ್ದಿಯನ್ನೆಲ್ಲ ಹೊತ್ತು ತರುತ್ತಾನೆ. ಅವನು ಹೇಳಿದ್ದು ಎರಡು. ಒಂದು, ನಿಮ್ಮ ಚರ್ಚಿನ ಪಾದ್ರಿಯ ಮಗ ಸೆಮಿಸಿ, ಆಕ್ಲೆಂಡಿನಲ್ಲಿ ಓದುತ್ತಿರುವವನು, ಅವನಿಗೆ ನಿನ್ನನ್ನು ಕೊಡಬೇಕೆಂದು ನಿಮ್ಮಪ್ಪ ಕೆಲೆಪಿಯ ಮನಸ್ಸಿನಲ್ಲಿದೆ. ಎರಡು, ಚರ್ಚಿನ ಹೊಸ ಸಭಾಂಗಣ ಕಟ್ಟುತ್ತಿರುವ ಬಡಗಿಗಳಲ್ಲಿ ನಫೆತಲಾಯಿ ಅನ್ನುವವನೊಬ್ಬ ಇದ್ದಾನೆ, ಅವರಿಗೆ ಬಾಯಾರುವುದಕ್ಕಿಂತ ಹೆಚ್ಚು ಸಲ ನೀನು ನೀರು ಒಯ್ಯುತ್ತೀಯ.

ನಾನು ಹೌದು ಅಂತಲೂ ಅನ್ನುತ್ತಿಲ್ಲ, ಬೇಡ ಅಂತಲೂ ಅನ್ನುತ್ತಿಲ್ಲ. ನಿನಗೆ ಹೆಸರಿಟ್ಟವಳು ನಾನು. ಸೋದರತ್ತೆ ಒಪ್ಪದೆ ನಮ್ಮಲ್ಲಿ ಮದುವೆ ನಡೆದದ್ದಿಲ್ಲ, ಕೆಲೆಪಿ ಎಷ್ಟು ದೊಡ್ಡ ಕಚೇರಿಯ ಗುಮಾಸ್ತನಾದರೂ ಸರಿ. ಅದಕ್ಕೇ ಕೇಳುತ್ತಿದ್ದೇನೆ. ಆ ಬಡಗಿ ಯಾವ ದ್ವೀಪದವನು? ಅವನ ಅಜ್ಜಿಯ ಹೆಸರೇನು? ಅಜ್ಜಿಯ ಹೆಸರು ತಿಳಿದರೆ ಮಿಕ್ಕಿದ್ದು ನನಗೆ ತಾನಾಗಿ ತಿಳಿಯುತ್ತದೆ.

ಕೇದಗೆ ಓಲೆ ಮೂರು ದಿನದಿಂದ ಸಮುದ್ರದ ನೀರಿನಲ್ಲಿ ನೆನೆಯುತ್ತಿದೆ. ಇವತ್ತು ಎತ್ತಿ ಒಣಗಿಸದಿದ್ದರೆ ಕೊಳೆಯುತ್ತದೆ. ಕಾಗದ ಇಷ್ಟಕ್ಕೇ ಸಾಕು.

ನಿನ್ನ ಅತ್ತೆ
ತೋವಾಕಸೆ


ನುಕುಅಲೋಫಾ
೨೭ ಫೆಬ್ರವರಿ ೧೯೭೬

ಪ್ರೀತಿಯ ಅತ್ತೆ,

ನಿಮ್ಮ ಕಾಗದ ತಲುಪಿತು. ನೀವೇ ಕೈಯಾರೆ ಬರೆದದ್ದೆಂದು ಅಮ್ಮ ನಂಬಲೇ ಇಲ್ಲ. ಅಪ್ಪನ ಮಂಡಿನೋವು ಈಗ ಕಡಿಮೆಯಾಗಿದೆ. ಅಮ್ಮ ಚೆನ್ನಾಗಿದ್ದಾರೆ. ತಮ್ಮಂದಿರು ಶಾಲೆಗೆ ಹೋಗುತ್ತಿದ್ದಾರೆ. ನಾನು ಬೆಳಗಿನ ಹೊತ್ತು ಟೈಪಿಂಗ್ ಕಲಿಯಲು ಹೋಗುತ್ತಿದ್ದೇನೆ.

ಪಾದ್ರಿಯವರ ಮನೆಯ ವಿಷಯ ಅಪ್ಪ ನನ್ನ ಹತ್ತಿರ ಏನೂ ಹೇಳಿಲ್ಲ. ಆದರೆ ಭಾನುವಾರಗಳಲ್ಲಿ ಅವರ ಮನೆಗೆ ದೀವಿಹಲಸು ತೆಗೆದುಕೊಂಡು ಹೋಗು ಎಂದು ನನ್ನನ್ನೇ ಕಳಿಸುತ್ತಾರೆ.

ನೀವು ಕೇಳಿದ ವ್ಯಕ್ತಿ ಬಡಗಿಗಳಲ್ಲಿ ಒಬ್ಬರು. ಎಉವಾ ದ್ವೀಪದವರಂತೆ. ಅವರ ಅಜ್ಜಿಯ ಹೆಸರು ನನಗೆ ಗೊತ್ತಿಲ್ಲ, ಕೇಳುವಷ್ಟು ಪರಿಚಯವೂ ಇಲ್ಲ. ಅವರದು ಎಡಗೈ. ಕೆಲಸ ಮಾಡುವಾಗ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡಿರುತ್ತಾರೆ, ಹಾಗಾಗಿ ಮಾತು ಕಡಿಮೆ. ನೀರು ಕೊಟ್ಟರೆ ಎರಡು ಲೋಟ ಕುಡಿದು ಮೂರನೆಯದನ್ನು ತಲೆಯ ಮೇಲೆ ಸುರಿದುಕೊಳ್ಳುತ್ತಾರೆ. ಅವರ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ.

ಮಾರ್ಚ್ ಕೊನೆಯ ಶನಿವಾರ ಸಂಜೆ ಸಭಾಂಗಣದ ಚಾವಣಿಗೆ ಹಣ ಕೂಡಿಸಲೆಂದು ಕಾವಾ ಕೂಟ ಇಟ್ಟಿದ್ದಾರೆ, ಗಂಡಸರು ಸುತ್ತ ಕೂತು ಬೇರು ಅರೆದು ಮಾಡಿದ ಕಾವಾ ಕುಡಿದು ದುಡ್ಡು ಹಾಕುತ್ತಾರೆ. ಕಾವಾ ಬಡಿಸಲು ನನ್ನನ್ನು ಕರೆದರು. ಮೊದಲು ಆಗುವುದಿಲ್ಲ ಅಂದಿದ್ದೆ. ಈಗ ಒಪ್ಪಿಕೊಂಡಿದ್ದೇನೆ. ನಿಮ್ಮ ಕಾಲದಲ್ಲಿ ಬಡಿಸುವ ಹುಡುಗಿಯ ಪಕ್ಕದಲ್ಲಿ ಯಾರು ಬೇಕಾದರೂ ಕೂರಬಹುದಿತ್ತೆ, ಅಥವಾ ಅದಕ್ಕೂ ಏನಾದರೂ ಕ್ರಮ ಇತ್ತೆ? ಸುಮ್ಮನೆ ಕೇಳಿದೆ.

ನಿಮ್ಮ
ಫೊಲೋಲಾ


ಲೊಫಂಗಾ
೧೪ ಏಪ್ರಿಲ್ ೧೯೭೬

ಫೊಲೋಲಾ,

ಯಾರ ಪಕ್ಕ ಯಾರು ಕೂರಬಹುದು ಅಂತ ಕೇಳಿದ್ದೆ. ಈಗ ಹೇಳಿ ಉಪಯೋಗವಿಲ್ಲ, ಕೂಟ ಮುಗಿದಿದೆ. ನೀನು ಚೆನ್ನಾಗಿ ಬಡಿಸಿದೆಯಂತೆ, ಒಂದು ಹನಿ ಚೆಲ್ಲಲಿಲ್ಲವಂತೆ. ಲಿಸಿಯಾತೆ ಆ ಕೂಟದಲ್ಲಿದ್ದ. ಮೊನ್ನೆ ಬಂದು ಹೇಳಿದ.

ಅವನು ಇನ್ನೊಂದೂ ಹೇಳಿದ. ಕೂಟ ಅರ್ಧಕ್ಕೆ ಬಂದಾಗ ನಫೆತಲಾಯಿ ಬಂದನಂತೆ. ಸ್ನಾನ ಮಾಡಿ, ಅಂಗಿಗೆ ಇಸ್ತ್ರಿ ಹಾಕಿಕೊಂಡು, ಹಿರಿಯರ ಮುಂದೆ ಮರ್ಯಾದೆಗೆ ಸುತ್ತುವ ಒಳ್ಳೆಯ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ಬಂದಿದ್ದನಂತೆ. ಬರುವ ಗಂಡಸರೆಲ್ಲ ಬಾಗಿಲಲ್ಲಿ ನಿಂತು ಕೇಳುವ ಪದ್ಧತಿಯ ಹಾಗೆ ಅವನೂ ಕೇಳಿದ, ಇವತ್ತು ಬಡಿಸುತ್ತಿರುವವರು ಯಾರು ಅಂತ. ಕೆಲೆಪಿಯ ಮಗಳು ಅಂತ ಒಳಗಿನಿಂದ ಹೇಳಿದರು. ಅವನು ಒಂದು ಗಳಿಗೆ ನಿಂತ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಲಿಸಿಯಾತೆ ಇದನ್ನು ಸುಮ್ಮನೆ ಸುದ್ದಿಯಂತೆ ಹೇಳಿದ. ನಾನು ಹೆಣೆಯುವುದನ್ನು ನಿಲ್ಲಿಸಿ ಮತ್ತೊಮ್ಮೆ ಹೇಳಿಸಿದೆ. ಬಡಿಸುವ ಹುಡುಗಿಯನ್ನು ಗಂಡಸರು ಕಾಡುತ್ತಾರೆ, ರೇಗಿಸುತ್ತಾರೆ, ಅವಳಿಗೊಬ್ಬ ಗಂಡನನ್ನು ಕಟ್ಟಿ ನಗುತ್ತಾರೆ. ಅದನ್ನು ಕೂತು ಕೇಳಬಾರದವನು ಅವಳ ಅಣ್ಣ ತಮ್ಮ, ಇಲ್ಲವೆ ರಕ್ತಸಂಬಂಧದಲ್ಲಿ ಅಣ್ಣ ತಮ್ಮ ಆಗುವವನು ಮಾತ್ರ. ಅದಕ್ಕೇ ಬಾಗಿಲಲ್ಲಿ ಕೇಳುವುದು. ಹೆಸರು ಕೇಳಿ ಹಿಂದಕ್ಕೆ ಹೋದವನು ಅವಳ ನೆಂಟ. ಇದರಲ್ಲಿ ಎರಡು ಮಾತಿಲ್ಲ.

ನಮ್ಮ ಮುತ್ತಜ್ಜನ ತಮ್ಮನೊಬ್ಬ ಜಗಳವಾಡಿಕೊಂಡು ಎಉವಾಗೆ ಹೋಗಿ ನೆಲೆಸಿದ್ದ. ಹುಡುಗ ಆ ಸಂತತಿಯವನೇ ಇರಬೇಕು. ಎಷ್ಟು ದೂರದವನಾದರೂ ನಿನಗೆ ಅಣ್ಣನೇ. ಅವನಿಗೆ ಗೊತ್ತಿದೆ, ನಿನಗೆ ಗೊತ್ತಿಲ್ಲ, ಅಷ್ಟೇ. ಮರ್ಯಾದಸ್ಥ ಹುಡುಗ. ನಾಲ್ಕು ಜನರ ಮುಂದೆ ತಾನಾಗಿ ತೋರಿಸಿಕೊಟ್ಟ.

ಆದ್ದರಿಂದ ಈ ವಿಷಯ ಇಲ್ಲಿಗೆ ಮುಗಿಯಿತು. ನೀರಿನ ಕೊಡ ಬೇರೆ ಯಾರಾದರೂ ಒಯ್ಯಲಿ. ಕೆಲೆಪಿಗೆ ಎರಡು ಸಾಲು ಬರೆದಿದ್ದೇನೆ: 'ನನ್ನ ಕಡೆಯಿಂದ ಅಡ್ಡಿಯಿಲ್ಲ. ಪಾದ್ರಿಗೆ ಮಾತು ಕೊಡು.' ಸೆಮಿಸಿ ಒಳ್ಳೆಯ ಹುಡುಗನಂತೆ. ಕನ್ನಡಕ ಹಾಕುತ್ತಾನಂತೆ. ಅದೊಂದು ದೋಷವಲ್ಲ.

ತೋವಾಕಸೆ


ನುಕುಅಲೋಫಾ
೬ ಮೇ ೧೯೭೬

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಬಂತು. ನೀವು ಬರೆದದ್ದು ಅರ್ಥವಾಯಿತು. ನೀವೂ ಅಪ್ಪನೂ ಹೇಗೆ ಹೇಳಿದರೆ ಹಾಗೆ. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮ ನಿಮಗೆ ಎರಡು ಗಜ ಬಟ್ಟೆ ಕಳಿಸಿದ್ದಾರೆ.

ಫೊಲೋಲಾ


ಲೊಫಂಗಾ
೨೦ ಜುಲೈ ೧೯೭೬

ಫೊಲೋಲಾ,

ಬಟ್ಟೆ ಬಂತು. ಬಣ್ಣ ನನಗೆ ಹಿಡಿಸಲಿಲ್ಲ, ಆದರೂ ಹೊಲಿಸಿಕೊಂಡೆ.

ನಾನು ಜೂನಿನಲ್ಲಿ ಒಂದು ಕಾಗದ ಬರೆದೆ. ಅದಕ್ಕೆ ಉತ್ತರವಿಲ್ಲ. ಮೂರು ದೋಣಿ ಬಂದು ಹೋದವು. ಬರೆಯಲು ಬಾರದವಳು ನಾನು ಬರೆಯುತ್ತಿದ್ದೇನೆ, ಯಂತ್ರದಲ್ಲಿ ಬರೆಯಲು ಕಲಿತವಳು ನೀನು ಸುಮ್ಮನಿದ್ದೀಯ. ಇದು ಯಾವ ಓದು?

ನಿಮ್ಮಪ್ಪ ಹುಟ್ಟಿದಾಗಿನಿಂದ ಮೊದಲ ಸಲ ಮೂರು ಪುಟ ಬರೆದಿದ್ದಾನೆ. ಮದುವೆ ಡಿಸೆಂಬರ್ ಎಂಟಕ್ಕೆ. ಸೆಮಿಸಿ ಓದು ಮುಗಿಸಿಕೊಂಡು ನವೆಂಬರ್ ಕೊನೆಯಲ್ಲಿ ಬರುತ್ತಾನೆ. ಪಾದ್ರಿ ಚರ್ಚಿನಲ್ಲಿ ಎಲ್ಲರ ಮುಂದೆ ಹೇಳಿಯೂ ಆಯಿತಂತೆ. ಹನ್ನೆರಡು ಹಂದಿ ಅಂತ ಬರೆದಿದ್ದಾನೆ. ನಾನು ಹದಿನೈದು ಅನ್ನುತ್ತೇನೆ. ಪಾದ್ರಿಯ ಕಡೆಯವರು ತಿನ್ನುವುದು ನನಗೆ ಗೊತ್ತು. ಇಲ್ಲಿಯ ಹೆಂಗಸರೆಲ್ಲ ಸೇರಿ ನಿನಗೆ ಚಾಪೆ ಹೆಣೆಯುತ್ತಿದ್ದೇವೆ. ದಿನವೂ ಮಾತು, ನಗು, ಜಗಳ, ಎಲ್ಲ ಆಗುತ್ತಿದೆ.

ಹುಡುಗಿ ಸಂತೋಷವಾಗಿದ್ದಾಳೆ ಅಂತ ನಿಮ್ಮಪ್ಪ ಎರಡು ಕಡೆ ಬರೆದಿದ್ದಾನೆ. ಕೇಳದಿದ್ದರೂ ಎರಡು ಸಲ ಯಾಕೆ ಬರೆದನೋ. ಲಿಸಿಯಾತೆ ನಿನ್ನನ್ನು ನೋಡಿದನಂತೆ. 'ಸ್ವಲ್ಪ ಇಳಿದು ಹೋಗಿದಾಳೆ ಅಕ್ಕ, ಮದ್ವೆ ಹುಡುಗೀರು ಹಂಗೇ' ಅಂದ. ಅವನಿಗೆ ಮದುವೆ ಹುಡುಗಿಯರ ವಿಷಯ ಏನು ಗೊತ್ತು, ಅವನ ಹೆಂಡತಿ ಮದುವೆಯಲ್ಲಿಯೇ ದಪ್ಪಗಿದ್ದಳು.

ಸರಿಯಾಗಿ ಊಟ ಮಾಡು.

ತೋವಾಕಸೆ


ಲೊಫಂಗಾ
೨೧ ಸೆಪ್ಟೆಂಬರ್ ೧೯೭೬

ಫೊಲೋಲಾ,

ಈ ಕಾಗದವನ್ನು ನೀನೊಬ್ಬಳೇ ಓದು.

ನಮ್ಮ ಚರ್ಚಿನ ಪಕ್ಕದಲ್ಲಿ ಮಳೆನೀರು ಹಿಡಿಯಲು ಸಿಮೆಂಟಿನ ತೊಟ್ಟಿ ಕಟ್ಟುತ್ತಿದ್ದಾರೆ. ಹೋದ ತಿಂಗಳ ಕೊನೆಗೆ ರಾಜಧಾನಿಯಿಂದ ನಾಲ್ಕು ಜನ ಕೆಲಸಗಾರರು ಬಂದರು. ಅವರ ಊಟದ ಸರದಿ ನಮ್ಮ ಮನೆಗೆ ಬಂದ ದಿನ ನೋಡಿದರೆ ಒಬ್ಬ ಎಡಗೈಯಲ್ಲಿ ಮೀನು ಬಿಡಿಸುತ್ತಿದ್ದಾನೆ. ಹೆಸರು ಕೇಳಿದೆ. ನಫೆತಲಾಯಿ ಅಂದ.

ನೆಂಟ ಬಂದ ಅಂತ ನಾನು ಇನ್ನೊಂದು ಮೀನು ಹಾಕಿದೆ. ನಮ್ಮ ಮುತ್ತಜ್ಜನ ತಮ್ಮನ ಹೆಸರು ಹೇಳಿ, ನಿನಗೆ ಅವನು ಏನಾಗಬೇಕು ಅಂದೆ. ಅವನು ಕಣ್ಣು ಕಣ್ಣು ಬಿಟ್ಟ. ಆ ಹೆಸರೇ ಕೇಳಿಲ್ಲ ಅಂದ. ಹಾಗಾದರೆ ನಿನ್ನ ಅಜ್ಜಿಯ ಹೆಸರು ಹೇಳು ಅಂದೆ. ಯಾವ ಅಜ್ಜಿ ಅಂದ. ಇಬ್ಬರದೂ ಹೇಳು, ಅಜ್ಜಂದಿರನ್ನೂ ಹೇಳು, ಗೆಣಸು ಆಮೇಲೆ ಬಡಿಸುತ್ತೇನೆ ಅಂದೆ. ಅವನು ಹೇಳುತ್ತಾ ಹೋದ, ನಾನು ಬಾಳೆಲೆಯ ಮೇಲೆ ಹೆಸರಿಗೊಂದರಂತೆ ಮೀನಿನ ಮುಳ್ಳು ಇಡುತ್ತಾ ಹೋದೆ. ಐದು ತಲೆಮಾರು ಇಟ್ಟೆವು. ಅವನ ಕಡೆಯ ಒಂದು ಮುಳ್ಳೂ ನಮ್ಮ ಕಡೆಯದನ್ನು ಮುಟ್ಟಲಿಲ್ಲ.

ಅವರು ಎಉವಾದ ಮೂಲದವರೇ ಅಲ್ಲ. ನಲವತ್ತಾರನೇ ಇಸವಿಯಲ್ಲಿ ಬೆಂಕಿಬೆಟ್ಟ ಸಿಡಿದಾಗ ಉತ್ತರದ ನಿಯುವಾಫೋಉ ದ್ವೀಪವನ್ನು ಖಾಲಿ ಮಾಡಿಸಿ ಜನರನ್ನು ತಂದರಲ್ಲ, ಆಮೇಲೆ ಎಉವಾದಲ್ಲಿ ಇಳಿಸಿದರಲ್ಲ, ಅವರ ಪೈಕಿ. ನಮ್ಮ ಮುತ್ತಜ್ಜನ ತಮ್ಮ ಎಉವಾದಲ್ಲಿ ಸತ್ತು ಅಷ್ಟು ಹೊತ್ತಿಗೇ ಐವತ್ತು ವರ್ಷವಾಗಿತ್ತು.

ಕೈ ತೊಳೆದು ಬಂದು ಎದುರಿಗೆ ಕೂತೆ. ಉಳಿದವರನ್ನು ಹೊರಗೆ ಕಳಿಸಿದೆ.

'ನೆಂಟನಲ್ಲ ಅಂದ್ಮೇಲೆ ಕಾವಾ ಮನೆ ಬಾಗ್ಲಿಂದ ಯಾಕೋ ವಾಪಸ್ ಹೋದೆ?' ಅಂದೆ.

ಬಾಳೆಲೆಯ ಮೇಲಿನ ಮುಳ್ಳುಗಳನ್ನು ಎಡಗೈಯಿಂದ ಒಂದು ಕಡೆ ಗುಡ್ಡೆ ಮಾಡಿದ. ಆಮೇಲೆ ಹೇಳಿದ.

'ಬಾಗ್ಲಲ್ಲೇ ಕೇಳಿಸ್ತು ದೊಡ್ಡಮ್ಮ. ಪಾದ್ರಿ ಮಗನ ಹೆಸರು ಹಿಡ್ದು ಅವಳನ್ನ ರೇಗಿಸ್ತಿದ್ರು. ಅವಳು ನಗ್ತಿದ್ಲು.'

'ಕಾವಾ ಬಡಿಸೋಳು ನಗ್ದೆ ಅಳ್ಬೇಕೇನೋ ಕತ್ತೆ? ನಗ್ದಿದ್ರೆ ಜಂಬಗಾತಿ ಅಂತಾರೆ. ಆ ನಗು ಅಲ್ಲಿ ಕೂತ ಅಷ್ಟೂ ಗಂಡಸ್ರಿಗೆ ಸಮನಾಗಿ ಹಂಚೋದು. ನಿಮ್ಮಮ್ಮ ಇಷ್ಟೂ ಹೇಳ್ಕೊಡ್ಲಿಲ್ವಾ?'

'ನಂಗೆ ಅದೆಲ್ಲ ಹೊಳೀಲಿಲ್ಲ. ಒಳಗೆ ಹೋಗಿದ್ರೆ ಯಾರಿಗಾದ್ರೂ ಹೊಡೀತಿದ್ದೆ. ಅಣ್ಣ ಅಂದ್ಕೊಂಡ್ರೆ ಅಂದ್ಕೊಳ್ಳಿ ಅಂತ ಬಂದ್ಬಿಟ್ಟೆ. ಅಣ್ಣ ಹೊರಟೋದ್ರೆ ಯಾಕೆ ಅಂತ ಯಾರೂ ಕೇಳಲ್ವಲ್ಲ.'

ಆಮೇಲೆ ಅವಳ ಹತ್ತಿರ ಮಾತಾಡಿದೆಯಾ ಅಂತ ಕೇಳಿದೆ. ಇಲ್ಲವಂತೆ. ಮಾರನೇ ವಾರದಿಂದ ನೀನು ನೀರು ತರುವುದು ನಿಲ್ಲಿಸಿದೆಯಂತೆ. ಮದುವೆ ಗೊತ್ತಾಗಿರಬೇಕು, ಅದಕ್ಕೇ ಬರುತ್ತಿಲ್ಲ ಅಂತ ತಿಳಿದುಕೊಂಡನಂತೆ. ನಾನು ಅವನಿಗೆ ಗೆಣಸು ಬಡಿಸಿದೆ. ಅವನು ತಿನ್ನಲಿಲ್ಲ.

ನಡೆದದ್ದು ಇಷ್ಟು. ನೀವಿಬ್ಬರೂ ನೆಂಟರಲ್ಲ. ಏಪ್ರಿಲ್‌ನಲ್ಲಿ ನಾನು ಬರೆದದ್ದು ಸರಿಯಿರಲಿಲ್ಲ. ಈಗ ಪಾದ್ರಿಗೆ ಮಾತು ಕೊಟ್ಟಾಗಿದೆ, ಚರ್ಚಿನಲ್ಲಿ ಹೇಳಿಯಾಗಿದೆ, ಹಂದಿಗಳನ್ನು ಕಟ್ಟಿಹಾಕಿ ಮೇಯಿಸುತ್ತಿದ್ದಾರೆ. ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ನಿನಗೆ ಗೊತ್ತಿರಲಿ ಅಂತ ಬರೆದೆ.

ತೋವಾಕಸೆ


ನುಕುಅಲೋಫಾ
೯ ಅಕ್ಟೋಬರ್ ೧೯೭೬

ಅತ್ತೆ,

ಗೊತ್ತಿರಲಿ ಅಂತ ಬರೆದಿದ್ದೀರಿ. ಗೊತ್ತಾಯಿತು. ಈಗ ಇದನ್ನು ಎಲ್ಲಿಟ್ಟುಕೊಳ್ಳಲಿ?

ಫೆಬ್ರವರಿಯಲ್ಲಿ ನಾನು ನಿಮಗೆ ಸುಳ್ಳು ಬರೆದೆ. ಪರಿಚಯವಿಲ್ಲ ಅಂದಿದ್ದೆ. ಅವರ ಹತ್ತಿರ ದಿನವೂ ಮಾತಾಡುತ್ತಿದ್ದೆ. ಕಾವಾ ಬಡಿಸಲು ಒಪ್ಪಿದ್ದೂ ಅವರಿಗಾಗಿಯೇ. ಶನಿವಾರ ಬರುತ್ತೇನೆ ಅಂದಿದ್ದರು. ಯಾರು ಬಡಿಸುತ್ತಾರೆ ಅಂತ ನಾನು ಹೇಳಿರಲಿಲ್ಲ. ಬಾಗಿಲಲ್ಲಿ ನನ್ನ ಹೆಸರು ಕೇಳಿ ಒಳಗೆ ಬಂದು ಎಲ್ಲರ ಎದುರು ನನ್ನ ಪಕ್ಕದಲ್ಲಿ ಕೂರಬೇಕು, ಅದು ಅವರಾಗಿ ಮಾಡಬೇಕು ಅಂತ ನನ್ನ ಆಸೆ. ನನ್ನ ಎಡಗಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡಿದ್ದೆ. ಎರಡು ಸಲ ಯಾರೋ ಬಂದು ಕೂರಲು ನೋಡಿದರು, ಅಲ್ಲಿ ಒದ್ದೆಯಿದೆ ಅಂದೆ. ಅವರು ಬಂದು ಕೂತಿದ್ದರೆ ಮಾರನೇ ದಿನ ಚರ್ಚಿಗೆ ಹೋಗುವಷ್ಟರಲ್ಲಿ ಅಪ್ಪನ ಕಿವಿಗೆ ಬೀಳುತ್ತಿತ್ತು. ನಾನು ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ.

ಅವರು ಬಂದರು, ಕೇಳಿದರು, ಹೋದರು. 'ಓ, ಹುಡುಗಿ ಅಣ್ಣ ಬಂದಿದ್ದ ಕಣ್ರೋ, ಪುಣ್ಯ, ಹೊರಟೋದ' ಅಂತ ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಮುಂದಿನವರ ತೆಂಗಿನ ಚಿಪ್ಪಿಗೆ ಕಾವಾ ತುಂಬಿಸಿದೆ. ಒಂದು ಹನಿ ಚೆಲ್ಲಲಿಲ್ಲ ಅಂತ ಲಿಸಿಯಾತೆ ಹೇಳಿದ್ದು ನಿಜ.

ಇಪ್ಪತ್ತು ಗಂಡಸರ ಮುಂದೆ ಇವಳು ನನಗೆ ತಂಗಿ ಅಂತ ಹೇಳಿ ಹೋದ ಹಾಗಾಯಿತು. ನಾನು ಬೇಡವಾದದ್ದನ್ನು ಅಷ್ಟು ಮರ್ಯಾದೆಯಾಗಿ ತಿಳಿಸಿದರು ಅಂದುಕೊಂಡೆ. ಆಮೇಲೆ ನೀರು ಒಯ್ಯಲು ನನಗೆ ಕಾಲು ಬರಲಿಲ್ಲ. ನಿಮ್ಮ ಏಪ್ರಿಲ್ ಕಾಗದ ಬಂದಾಗ ನನಗೆ ಸಮಾಧಾನವಾಯಿತು ಅತ್ತೆ. ನೆಂಟರಾದರೆ ಅವರು ಹೋದದ್ದಕ್ಕೆ ಒಂದು ಕಾರಣವಿತ್ತು ಅಂತಾಯಿತಲ್ಲ, ನಾನು ಸಾಲದೆ ಹೋದದ್ದಲ್ಲ. ಅದನ್ನೇ ಹಿಡಿದುಕೊಂಡು ಐದು ತಿಂಗಳು ಕಳೆದೆ. ಅಪ್ಪ ಕೇಳಿದ್ದಕ್ಕೆಲ್ಲ ಆಗಲಿ ಅಂದೆ.

ಈಗ ಕಾರಣವೂ ಇಲ್ಲ ಅನ್ನುತ್ತೀರಿ. ನಮ್ಮ ಬೇಲಿಯಿಂದ ಸಭಾಂಗಣಕ್ಕೆ ಐವತ್ತು ಹೆಜ್ಜೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅವರು ಅಲ್ಲೇ ಇದ್ದರು. ನನಗೆ ಹೇಳದೆ ಇದ್ದದ್ದನ್ನು ನಿಮ್ಮ ಮನೆಯಲ್ಲಿ ಮೀನು ತಿನ್ನುತ್ತಾ ಹೇಳಿದರು. ನೀವು ಲಿಸಿಯಾತೆಯನ್ನು ಕೇಳಿದಿರಿ, ಅವರನ್ನು ಕೇಳಿದಿರಿ, ಐದು ತಲೆಮಾರಿನ ಸತ್ತವರನ್ನು ಕೇಳಿದಿರಿ. ನನ್ನನ್ನು ಯಾರೂ ಕೇಳಲಿಲ್ಲ. ಅಪ್ಪ ಕೇಳಿದ್ದು ಒಂದೇ, ಕೇಕಿಗೆ ಎಷ್ಟು ಅಂತಸ್ತು ಇರಬೇಕು ಅಂತ.

ಸೆಮಿಸಿ ಕೆಟ್ಟವರಲ್ಲ. ಎರಡು ಕಾಗದ ಬರೆದಿದ್ದಾರೆ. ಆಕ್ಲೆಂಡಿನ ಚಳಿ ನಿನಗೆ ಆಗುತ್ತದೆಯೇ ಅಂತ ಕೇಳಿದ್ದಾರೆ. ಕೇಳಿದ್ದು ಅವರೊಬ್ಬರೇ. ಅವರಿಗೆ ಏನು ಬರೆಯಬೇಕೋ ತಿಳಿಯದೆ ಇಲ್ಲಿಯ ಹವೆಯ ವಿಷಯ ಬರೆದೆ.

ನಫೆತಲಾಯಿ ಬೇಕು ಅಂತ ನಾನು ಈ ಕಾಗದದಲ್ಲಿ ಬರೆದಿಲ್ಲ. ಬಾಗಿಲಿಂದ ಒಮ್ಮೆ ಹೋದವರು ಇನ್ನೊಮ್ಮೆಯೂ ಹೋಗಬಹುದು. ಬೇಡ ಅಂತಲೂ ಬರೆದಿಲ್ಲ.

ನಿಮ್ಮ ಎರಡು ಸಾಲಿನಿಂದ ಈ ಮದುವೆ ಗೊತ್ತಾಯಿತು. ಬಿಡಿಸಲು ಎಷ್ಟು ಸಾಲು ಬೇಕು?

ಫೊಲೋಲಾ


ಲೊಫಂಗಾ
೨೫ ಅಕ್ಟೋಬರ್ ೧೯೭೬

ಫೊಲೋಲಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಒಂದು ಸಲ ಅಕ್ಷರ ಕೂಡಿಸಲು, ಇನ್ನೊಂದು ಸಲ ಸಿಟ್ಟು ಮಾಡಿಕೊಳ್ಳಲು. ಮೂರನೇ ಸಲ ಯಾಕೆ ಓದಿದೆನೋ ಗೊತ್ತಿಲ್ಲ. ಹಿರಿಯರಿಗೆ ಹೀಗೆ ಬರೆಯುವುದನ್ನು ನಿನಗೆ ಯಾರೂ ಕಲಿಸಿಲ್ಲ. ನನ್ನಿಂದಲೇ ಬಂದಿರಬೇಕು.

ಕೇಳಿದ್ದಕ್ಕೆ ಹೇಳುತ್ತೇನೆ. ಇನ್ನೊಮ್ಮೆ ಬರೆಸಬೇಡ.

ಹುಡುಗನ ಅಜ್ಜಿಯ ಹೆಸರು ತಿಳಿಯದೆ ನಾನು ಯಾವ ಮದುವೆಗೂ ಹೂಂ ಅಂದವಳಲ್ಲ. ಈ ದ್ವೀಪದಲ್ಲಿ ಯಾರನ್ನು ಬೇಕಾದರೂ ಕೇಳು. ಏಪ್ರಿಲ್‌ನಲ್ಲಿ ಎಉವಾಗೆ ಒಂದು ಚೀಟಿ ಕಳಿಸಿದ್ದರೆ ಸಾಕಿತ್ತು, ಇಪ್ಪತ್ತು ದಿನದಲ್ಲಿ ಹೆಸರು ಬರುತ್ತಿತ್ತು. ಕಳಿಸಲಿಲ್ಲ. ಲಿಸಿಯಾತೆಯ ಮಾತು ಕೇಳಿದಾಗ ನನಗೆ ಹಗುರವಾಯಿತು. ಅವನು ನೆಂಟನಾದರೆ ನಾನು ಕೆಲೆಪಿಗೆ ಎದುರು ನಿಲ್ಲಬೇಕಾಗಿರಲಿಲ್ಲ. ನೆಂಟನೇ ಆಗಿರಲಿ ಅಂತ ನನಗೆ ಬೇಕಿತ್ತು, ಅದಕ್ಕೇ ಆಗಿಹೋದ.

ನಿಯಮದ ಪ್ರಕಾರ ಅಕ್ಕ ತಮ್ಮನಿಗಿಂತ ಮೇಲೆ, ನಾನು ಕೆಲೆಪಿಗಿಂತ ಮೇಲೆ. ಅವನ ಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ತೆಗೆದುಕೊಂಡು ಬರಬಹುದು, ಅವನು ಬೇಡ ಅನ್ನುವ ಹಾಗಿಲ್ಲ. ತಂದಿದ್ದೇನೆ. ಹಂದಿ ತಂದಿದ್ದೇನೆ, ನಿಮ್ಮಮ್ಮನ ಹೊಲಿಗೆ ಯಂತ್ರ ತಂದಿದ್ದೇನೆ, ಅವಳು ಅವತ್ತು ಹಿತ್ತಲಲ್ಲಿ ಅತ್ತದ್ದೂ ನನಗೆ ಗೊತ್ತು. ಅದಕ್ಕೆಲ್ಲ ನನಗೆ ಅಂಜಿಕೆಯಿಲ್ಲ. ಆದರೆ ಅವನು ಬೂಟು ಹಾಕಿಕೊಂಡು ಕಚೇರಿಗೆ ಹೋಗುತ್ತಾನೆ, ಓದಿದವರ ಹತ್ತಿರ ಓದಿದವರ ಹಾಗೆ ಮಾತಾಡುತ್ತಾನೆ. ಓದು, ಮಕ್ಕಳ ಭವಿಷ್ಯ ಇಂಥ ಮಾತು ಬಂದಾಗ ನಾನು ಯಾವತ್ತೂ ಅವನಿಗೇ ಬಿಟ್ಟಿದ್ದೇನೆ. ಇದನ್ನು ನನ್ನ ಗಂಡನಿಗೂ ಹೇಳಿರಲಿಲ್ಲ.

ಬಿಡಿಸಲು ಎಷ್ಟು ಸಾಲು ಬೇಕು ಅಂದೆ. ಸಾಲು ಬೇಕಾಗಿಲ್ಲ. ನಿನ್ನ ಮನಸ್ಸಿನ ವಿಷಯವನ್ನು ಒಡಹುಟ್ಟಿದ ಕೆಲೆಪಿಯ ಹತ್ತಿರ ನಾನು ಆಡುವ ಹಾಗಿಲ್ಲ, ಬರೆಯುವ ಹಾಗೂ ಇಲ್ಲ. ಸಾಯುವವರೆಗೂ ಇಲ್ಲ. ಆದರೆ ಮದುವೆಯ ಹುಡುಗಿಯನ್ನು ಕೂರಿಸುವ ಚಾಪೆಯ ಮೇಲೆ ಮೊದಲು ಸೋದರತ್ತೆ ಕೂರಬೇಕು, ಕೂತರೆ ಅವಳು ಒಪ್ಪಿದ ಹಾಗೆ. ನವೆಂಬರ್ ಕೊನೆಯ ದೋಣಿಗೆ ನಾನು ಬರುತ್ತೇನೆ. ನಿಮ್ಮ ಮನೆಯಲ್ಲಿ ಉಣ್ಣುತ್ತೇನೆ, ಹಂದಿಗಳನ್ನು ನೋಡುತ್ತೇನೆ, ಚರ್ಚಿಗೆ ಹೋಗುತ್ತೇನೆ. ಮದುವೆಗೆ ಮೊದಲು ಪಾದ್ರಿಯ ಹೆಂಡತಿ ಬಂದಾಗ ಆ ಚಾಪೆಯನ್ನು ಅವಳಿಗೆ ಬಿಚ್ಚಿ ತೋರಿಸುವ ದಿನ ನಾನು ಅದರ ಮೇಲೆ ಕೂರುವುದಿಲ್ಲ. ಪಕ್ಕದ ನೆಲದ ಮೇಲೆ ಕೂರುತ್ತೇನೆ. ಅಷ್ಟೇ. ಯಾಕೆ ಅಂತ ಕೆಲೆಪಿ ಕೇಳಲಾರ, ನಾನು ಹೇಳಬೇಕಾಗಿಲ್ಲ. ಅಲ್ಲಿರುವ ಪ್ರತಿ ಹೆಂಗಸಿಗೂ ಅರ್ಥವಾಗುತ್ತದೆ. ಸೋದರತ್ತೆ ನೆಲದ ಮೇಲೆ ಕೂತ ಮನೆಯಿಂದ ಪಾದ್ರಿಯಾದರೂ ಹೆಣ್ಣು ತರುವುದಿಲ್ಲ.

ಇದು ಸುಮ್ಮನೆ ಆಗುವ ಕೆಲಸವಲ್ಲ. ನಿಮ್ಮಪ್ಪ ಆ ಚರ್ಚಿನಲ್ಲಿ ಇಪ್ಪತ್ತು ವರ್ಷದಿಂದ ಎರಡನೇ ಸಾಲಿನಲ್ಲಿ ಕೂರುತ್ತಾನೆ. ಆಮೇಲೆ ಬಾಗಿಲ ಹತ್ತಿರ ಕೂರಬೇಕಾಗುತ್ತದೆ. ನಿನ್ನ ಹೆಸರು ಒಂದು ವರ್ಷ ಬೀದಿಯಲ್ಲಿ ತಿರುಗುತ್ತದೆ. ಸೆಮಿಸಿ ಏನೂ ತಪ್ಪು ಮಾಡದೆ ಅವಮಾನ ಪಡುತ್ತಾನೆ. ಕೆಲೆಪಿ ನನಗೆ ಕಾಗದ ಬರೆಯುವುದನ್ನು ನಿಲ್ಲಿಸಬಹುದು, ಮಂಡಿನೋವಿನ ವಿಷಯವನ್ನೂ ಬರೆಯದಿರಬಹುದು. ನನಗೆ ಇರುವವನು ಅವನೊಬ್ಬನೇ. ಇಷ್ಟನ್ನೂ ಲೆಕ್ಕ ಹಾಕಿಯೇ ಬರೆಯುತ್ತಿದ್ದೇನೆ, ನೀನೂ ಲೆಕ್ಕ ಹಾಕು.

ತೊಟ್ಟಿಯ ಕೆಲಸ ಮುಗಿಯಿತು. ಹುಡುಗ ನಾಡಿದ್ದು ಹೊರಡುತ್ತಾನೆ. ಅವಳಿಂದ ಕಾಗದ ಬಂತಾ ಅಂತ ನಿನ್ನೆ ಕೇಳಿದ. ಇಲ್ಲ ಅಂದೆ. ನೀನು ಏನು ಬರೆದಿದ್ದೀಯ, ಏನು ಬರೆದಿಲ್ಲ ಅನ್ನುವುದು ಅವನಿಗೆ ಬೇಕಾಗಿಲ್ಲ. ಅವನಿಗೆ ಕಾಲಿದೆ, ಐವತ್ತು ಹೆಜ್ಜೆ ನಡೆದು ಬಂದು ತಾನೇ ಕೇಳಲಿ ಅಂತ ಹೇಳಿದ್ದೇನೆ. ಬರುತ್ತಾನೋ ಇಲ್ಲವೋ, ಅದನ್ನು ನೋಡಿಯೂ ನೀನು ಅಳೆಯಬಹುದು. ಈ ಕಾಗದವನ್ನು ಅವನ ಕೈಯಲ್ಲಿ ಕಳಿಸುತ್ತಿಲ್ಲ. ಲಿಸಿಯಾತೆಯ ಹೆಂಡತಿ ತರುತ್ತಾಳೆ, ಅವಳಿಗೆ ಓದಲು ಬರುವುದಿಲ್ಲ.

ಈಗ ನಾನು ಕೇಳುತ್ತಿದ್ದೇನೆ. ಹಿಂದೆ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಸೆಮಿಸಿ ಅಂತ ಬರೆದರೆ ನಾನು ಚಾಪೆಯ ಮೇಲೆ ಕೂರುತ್ತೇನೆ, ಹದಿನೈದು ಹಂದಿಯನ್ನೂ ಎಣಿಸಿ ಕೊಡಿಸುತ್ತೇನೆ, ಈ ಕಾಗದಗಳನ್ನೆಲ್ಲ ಒಲೆಗೆ ಹಾಕುತ್ತೇನೆ. ನಫೆತಲಾಯಿ ಅಂತ ಬರೆದರೆ ಕೂರುವುದಿಲ್ಲ, ಮುಂದಿನದನ್ನು ಆಮೇಲೆ ನೋಡೋಣ. ಇಬ್ಬರೂ ಬೇಡ ಅಂತ ಬರೆದರೂ ಕೂರುವುದಿಲ್ಲ. ನೀನು ನನ್ನ ಜೊತೆ ಇಲ್ಲಿಗೆ ಬಂದು ಇರು. ಟೈಪಿಂಗ್ ಯಂತ್ರವನ್ನೂ ತೆಗೆದುಕೊಂಡು ಬರುತ್ತೇನೆ, ಅದು ಯಾರದಾದರೂ ಸರಿ.

ಒಂದು ಮಾತು ಸಾಕು. ಮೂರು ಪುಟ ಬೇಡ. 'ಅತ್ತೆ, ನಿಮಗೆ ಏನನ್ನಿಸುತ್ತದೆ' ಅಂತ ಕೇಳಬೇಡ. ನೀವು ಹೇಗೆ ಹೇಳಿದರೆ ಹಾಗೆ ಅಂತ ಬರೆದರೆ ನಾನು ಬರುವುದೇ ಇಲ್ಲ, ಚಾಪೆಯ ಮೇಲೂ ಇಲ್ಲ, ನೆಲದ ಮೇಲೂ ಇಲ್ಲ. ಒಮ್ಮೆ ನಾನು ಊಹೆ ಮಾಡಿ ನೋಡಿಯಾಯಿತು.

ದೋಣಿ ನವೆಂಬರ್ ಹನ್ನೊಂದು, ಗುರುವಾರ ಬರುತ್ತದೆ. ಉತ್ತರ ಅದರಲ್ಲಿ ಬರಬೇಕು.

ತೋವಾಕಸೆ